ನೀರಾವರಿ ಜಮೀನಿನ ಕೆಳಗಿನ ನೀರು: ಗೊಬ್ಬರ ಮತ್ತು ಕೀಟನಾಶಕಗಳ ಮಾಲಿನ್ಯವನ್ನು ಗುರುತಿಸಿ ತಡೆಯುವ ಸಮಗ್ರ ಮಾರ್ಗದರ್ಶಿ

ಗೊಬ್ಬರದ ಸಾರಜನಕದಿಂದ ಮಣ್ಣಿನಲ್ಲಿ ಉಂಟಾಗುವ ನೈಟ್ರೇಟ್ ಬೆರೆತ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೂ ಅದರ ಸುಳಿವು ಸಿಗುವುದಿಲ್ಲ. ಕೊಳವೆಬಾವಿಯಿಂದ ತಿಳಿಯಾಗಿ, ತಣ್ಣಗೆ ಬರುವ ನೀರನ್ನು ಕಂಡು ‘ನಮ್ಮ ನೀರಿಗೇನೂ ಆಗಿಲ್ಲ’ ಎಂದು ನಂಬಿಕೊಂಡಿರುವ ಮನೆಗಳಲ್ಲೇ ಪರೀಕ್ಷೆಯ ವರದಿ ಬಂದಾಗ ಅಂಕಿ ಮಿತಿಯನ್ನು ದಾಟಿರುತ್ತದೆ. ಮಾಲಿನ್ಯವೆಂದರೆ ಕಾರ್ಖಾನೆಯ ಕೊಳವೆಯಿಂದ ಬರುವ ಕಪ್ಪು ನೀರು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವುದರಿಂದ, ಹೊಲದ ಮೇಲೆ ಚೆಲ್ಲಿದ ಬಿಳಿ ಹರಳು ಹತ್ತು ವರ್ಷದ ಮೇಲೆ ಅದೇ ಹೊಲದ ಬಾವಿಯಿಂದ ಮೇಲೆ ಬರುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ಸಮಯ ಹಿಡಿಯುತ್ತದೆ.

ಈ ಮಾರ್ಗದರ್ಶಿಯುದ್ದಕ್ಕೂ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ರಸಾಯನಿಕ ತಾನಾಗಿ ಕೆಳಗಿಳಿಯುವುದಿಲ್ಲ, ಅದನ್ನು ನೀರು ಹೊತ್ತೊಯ್ಯುತ್ತದೆ. ಮಳೆಯಾಶ್ರಿತ ಜಮೀನಿನಲ್ಲಿ ಆ ನೀರು ಎಷ್ಟು ಬೀಳಬೇಕೆಂಬುದು ನಮ್ಮ ಕೈಯಲ್ಲಿಲ್ಲ. ನೀರಾವರಿ ಜಮೀನಿನಲ್ಲಿ ಅದರ ಬಹುಪಾಲನ್ನು ಬಿಡುವವರು ನಾವೇ. ಆದ್ದರಿಂದ ಗೊಬ್ಬರದ ಲೆಕ್ಕವನ್ನು ಎಷ್ಟೇ ಬಿಗಿಮಾಡಿದರೂ ನೀರಿನ ಲೆಕ್ಕ ಸಡಿಲವಾಗಿದ್ದರೆ ಅಂತರ್ಜಲ ಉಳಿಯುವುದಿಲ್ಲ.

ಮೊದಲು ತಿಳಿಯಬೇಕಾದದ್ದು: ಯಾವುದು ಇಳಿಯುತ್ತದೆ, ಯಾವುದು ನಿಲ್ಲುತ್ತದೆ

ಯೂರಿಯಾ ಮಣ್ಣಿಗೆ ಬಿದ್ದು ಹದ ಸಿಕ್ಕಿದ ಕೆಲವೇ ದಿನಗಳಲ್ಲಿ ಯೂರಿಯೇಸ್ ಎಂಬ ಕಿಣ್ವದ ನೆರವಿನಿಂದ ಅಮೋನಿಯಂ ಆಗುತ್ತದೆ. ಅಮೋನಿಯಂ ಧನ ವಿದ್ಯುದಂಶವುಳ್ಳದ್ದು, ಜೇಡಿಕಣಗಳ ಮೇಲ್ಮೈ ಋಣ ವಿದ್ಯುದಂಶವುಳ್ಳದ್ದು. ಹಾಗಾಗಿ ಅದು ಮಣ್ಣಿಗೆ ಅಂಟಿಕೊಂಡು ನಿಲ್ಲುತ್ತದೆ. ಆದರೆ ಬೆಚ್ಚಗಿನ, ಗಾಳಿಯಾಡುವ ಮಣ್ಣಿನಲ್ಲಿ ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಮೊದಲಾದ ಸೂಕ್ಷ್ಮಜೀವಿಗಳು ಒಂದರಿಂದ ಮೂರು ವಾರಗಳೊಳಗೆ ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟಿಗೂ ಋಣ ವಿದ್ಯುದಂಶವೇ ಇರುವುದರಿಂದ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬೇರು ಹೀರಿಕೊಂಡಷ್ಟು ಬೆಳೆಗೆ, ಉಳಿದದ್ದು ಮುಂದಿನ ನೀರಿನ ಜೊತೆಗೆ ಕೆಳಕ್ಕೆ. ಹಾಕಿದ ಸಾರಜನಕದಲ್ಲಿ ಮೊದಲ ಬೆಳೆ ಹೀರುವುದು ಸಾಮಾನ್ಯವಾಗಿ ಅರ್ಧದ ಆಸುಪಾಸು, ಹಲವೆಡೆ ಅದಕ್ಕಿಂತಲೂ ಕಡಿಮೆ. ಕೊಟ್ಟಿಗೆ ಗೊಬ್ಬರವೂ ಈ ನಿಯಮದಿಂದ ಹೊರತಲ್ಲ: ಅದು ಕೊಳೆತಾಗ ಬಿಡುಗಡೆಯಾಗುವ ಸಾರಜನಕ ಕೂಡ ಕೊನೆಗೆ ನೈಟ್ರೇಟ್ ಆಗುತ್ತದೆ, ಮತ್ತು ಬರಿ ನೆಲದ ಮೇಲೆ ವರ್ಷಗಟ್ಟಲೆ ಒಂದೇ ಕಡೆ ಹಾಕುವ ತಿಪ್ಪೆಯ ಕೆಳಗಿನ ಮಣ್ಣಿನಲ್ಲಿ ನೈಟ್ರೇಟ್ ಬಹಳ ಹೆಚ್ಚಾಗಿರಬಹುದು.

ರಂಜಕ ಮಣ್ಣಿಗೆ ಗಟ್ಟಿಯಾಗಿ ಅಂಟುತ್ತದೆ. ಬಹಳ ಮರಳಿರುವ ಅಥವಾ ದಶಕಗಳ ಕಾಲ ಮಿತಿಮೀರಿ ಹಾಕಿರುವ ಜಮೀನನ್ನು ಬಿಟ್ಟರೆ ಅದು ಅಂತರ್ಜಲಕ್ಕಿಂತ ಹೆಚ್ಚಾಗಿ ಹರಿಯುವ ನೀರು ಕೊಚ್ಚಿಕೊಂಡು ಹೋಗುವ ಮಣ್ಣಿನೊಂದಿಗೆ ಕೆರೆ, ಹಳ್ಳಗಳಿಗೆ ಸೇರುತ್ತದೆ. ಪೊಟ್ಯಾಶ್ ಗೊಬ್ಬರದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಅದರ ಕ್ಲೋರೈಡ್ ಅಂಶ ನೈಟ್ರೇಟಿನಂತೆಯೇ ಸುಲಭವಾಗಿ ಇಳಿಯುತ್ತದೆ. ಈ ಸಂಗತಿ ಮುಂದೆ ವರದಿ ಓದುವಾಗ ಬೇಕಾಗುತ್ತದೆ. ಕೀಟನಾಶಕ, ಕಳೆನಾಶಕಗಳ ವಿಷಯ ಮಾತ್ರ ಒಂದೊಂದಕ್ಕೂ ಬೇರೆ. ಗ್ಲೈಫೋಸೇಟ್, ಕ್ಲೋರ್‌ಪೈರಿಫಾಸ್ ಮಣ್ಣಿಗೆ ಬಲವಾಗಿ ಅಂಟುತ್ತವೆ. ಅಟ್ರಝಿನ್, ಇಮಿಡಾಕ್ಲೋಪ್ರಿಡ್ ನೀರಿನೊಂದಿಗೆ ಸಾಗುವ ಸ್ವಭಾವದವು.

ಹಂತ 1: ಬಾವಿಯ ಸುತ್ತಲಿನ ನಕ್ಷೆ

ಪರೀಕ್ಷೆಗೆ ಹಣ ಖರ್ಚು ಮಾಡುವ ಮೊದಲು ಒಂದು ಹಾಳೆ ಮತ್ತು ಒಂದು ದಿನದ ನಡಿಗೆ ಬೇಕು. ಬಾವಿಯನ್ನು ನಡುವೆ ಗುರುತಿಸಿ, ಸುತ್ತ ಸುಮಾರು ಅರ್ಧ ಕಿಲೋಮೀಟರಿನೊಳಗೆ ಇರುವ ಎಲ್ಲ ಬಾವಿಗಳನ್ನು, ಬತ್ತಿ ಬಿಟ್ಟ ಬಾವಿಗಳನ್ನೂ ಸೇರಿಸಿ, ಬರೆದುಕೊಳ್ಳಬೇಕು. ಪ್ರತಿಯೊಂದರ ಆಳ, ಕೇಸಿಂಗ್ (ಬಾವಿಯ ಗೋಡೆಗೆ ಇಳಿಸಿದ ಹೊರಕೊಳವೆ) ಎಷ್ಟು ಅಡಿಯವರೆಗೆ ಇಳಿದಿದೆ, ಕೊರೆಸಿದ ವರ್ಷ, ನೀರು ಸಿಕ್ಕಿದ ಆಳ ಇವೆಲ್ಲ ಮಾಲೀಕರಿಗೆ ನೆನಪಿರುತ್ತವೆ. ಕೇಳಿ ಬರೆದುಕೊಳ್ಳದಿದ್ದರೆ ಅವರೊಂದಿಗೇ ಮರೆಯಾಗಿ ಹೋಗುತ್ತವೆ. ನಂತರ ಯಾವ ತುಂಡಿನಲ್ಲಿ ಯಾವ ಬೆಳೆ, ಯಾವ ಬಗೆಯ ನೀರಾವರಿ, ಮಣ್ಣು ಮರಳುಗೋಡೋ ಎರೆಯೋ, ತಿಪ್ಪೆ, ಶೌಚಗುಂಡಿ, ದನದ ಕೊಟ್ಟಿಗೆ, ಔಷಧಿ ಬೆರೆಸುವ ಜಾಗ, ಕಾಲುವೆ ಎಲ್ಲೆಲ್ಲಿವೆ ಎಂಬುದನ್ನು ಸೇರಿಸಬೇಕು.

ಅಂತರ್ಜಲ ಯಾವ ದಿಕ್ಕಿಗೆ ಸಾಗುತ್ತದೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ತ್ರಿಕೋನದಂತೆ ಹರಡಿರುವ, ಒಂದೇ ಜಲಪದರದಿಂದ ನೀರೆಳೆಯುವ ಮೂರು ಬಾವಿಗಳನ್ನು ಆರಿಸಿಕೊಂಡು, ಪಂಪುಗಳನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ನೀರಿನ ಮಟ್ಟವನ್ನು ಅಳೆದು, ನೆಲದ ಎತ್ತರ ತಗ್ಗುಗಳ ವ್ಯತ್ಯಾಸವನ್ನು ಕಳೆದರೆ, ಎತ್ತರದ ನೀರುಮಟ್ಟದಿಂದ ತಗ್ಗಿನ ಮಟ್ಟದ ಕಡೆಗೆ ನೀರು ಸಾಗುತ್ತಿದೆ ಎಂದು ತಿಳಿಯುತ್ತದೆ. ಗಟ್ಟಿ ಬಂಡೆಯ ಪ್ರದೇಶದಲ್ಲಿ ನೀರು ಬಿರುಕುಗಳ ದಾರಿ ಹಿಡಿಯುವುದರಿಂದ ಈ ಲೆಕ್ಕ ಅಂದಾಜು ಮಾತ್ರ.

ಹಂತ 2: ಮಾದರಿ ತೆಗೆಯುವುದು

ತಪ್ಪಾಗಿ ತೆಗೆದ ಮಾದರಿಯ ವರದಿ, ವರದಿಯೇ ಇಲ್ಲದಿರುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ, ಏಕೆಂದರೆ ಅದನ್ನು ನಂಬಿ ನಾವು ಸುಮ್ಮನಾಗುತ್ತೇವೆ. ಪಂಪು ಚಾಲೂ ಮಾಡಿದ ಕೂಡಲೇ ಬರುವ ನೀರು ಕೊಳವೆಯಲ್ಲಿ ನಿಂತ ನೀರು. ಅದರಲ್ಲಿ ತುಕ್ಕಿನ ಕೆಂಪು ಕಣಗಳಿರುತ್ತವೆ, ಕೈಗೆ ತುಸು ಬೆಚ್ಚಗಿರುತ್ತದೆ. ಹತ್ತು ಹದಿನೈದು ನಿಮಿಷ ಹರಿಯಲು ಬಿಟ್ಟರೆ ಕೆಂಪು ಹೋಗಿ, ನೀರಿನ ತಂಪು ಒಂದೇ ಸಮನಾಗುತ್ತದೆ. ವಿದ್ಯುತ್ ವಾಹಕತೆ ಅಳೆಯುವ ಪುಟ್ಟ ಉಪಕರಣವಿದ್ದರೆ ಅದರ ಅಂಕಿ ಬದಲಾಗದೆ ನಿಂತಾಗ ಮಾತ್ರ ಬಾಟಲಿ ಹಿಡಿಯಬೇಕು. ನೀರನ್ನು ಬಾವಿಯ ಬಾಯಿಯಿಂದಲೇ ಹಿಡಿಯಬೇಕು; ತೊಟ್ಟಿ ಅಥವಾ ಫಿಲ್ಟರ್ ದಾಟಿದ ನಂತರ ಹಿಡಿದದ್ದು ಬಾವಿಯ ಮಾದರಿಯಲ್ಲ.

ನೈಟ್ರೇಟ್, ಕ್ಲೋರೈಡ್, ಪೊಟ್ಯಾಸಿಯಂ ಮೊದಲಾದವುಗಳಿಗೆ ಒಂದು ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಬಾಟಲಿ ಸಾಕು. ಅದೇ ನೀರಿನಿಂದ ಮೂರು ಬಾರಿ ತೊಳೆದು, ಗಾಳಿಗೆ ಜಾಗ ಬಿಡದೆ ತುಂಬಬೇಕು. ಕೀಟನಾಶಕಗಳ ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಕಂದು ಗಾಜಿನ ಬಾಟಲಿ ಬೇಕು, ಏಕೆಂದರೆ ಕೆಲವು ರಸಾಯನಿಕಗಳು ಪ್ಲಾಸ್ಟಿಕ್ಕಿಗೆ ಅಂಟುತ್ತವೆ, ಕೆಲವು ಬೆಳಕಿಗೆ ಒಡೆಯುತ್ತವೆ. ಮಲಮೂತ್ರ ಬೆರೆತಿರುವ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿಶುದ್ಧ ಮಾಡಿದ ಪ್ರತ್ಯೇಕ ಬಾಟಲಿ ಬೇಕು, ಅದನ್ನು ತೊಳೆಯಬಾರದು. ಎಲ್ಲವನ್ನೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಸಾಗಿಸಬೇಕು. ನೈಟ್ರೇಟ್ ಪರೀಕ್ಷೆ 48 ಗಂಟೆಗಳೊಳಗೆ ಆಗಬೇಕು, ಬ್ಯಾಕ್ಟೀರಿಯಾ ಪರೀಕ್ಷೆ ಅದಕ್ಕಿಂತಲೂ ಬೇಗ. ಮಾದರಿಯನ್ನು ವರ್ಷಕ್ಕೆ ಎರಡು ಬಾರಿ, ಮಳೆಗಾಲದ ಮುನ್ನ ಮತ್ತು ನಂತರ, ಅದೇ ಬಾವಿಯಿಂದ ತೆಗೆದರೆ ಮಾತ್ರ ಏರಿಳಿತ ತಿಳಿಯುತ್ತದೆ.

ಕೀಟನಾಶಕದ ಪರೀಕ್ಷೆಗೆ ಕೊಡುವಾಗ ಕಳೆದ ಕೆಲವು ವರ್ಷಗಳಲ್ಲಿ ಸುತ್ತಮುತ್ತ ಸಿಂಪಡಿಸಿದ ಔಷಧಿಗಳ ಪಟ್ಟಿಯನ್ನು ಪ್ರಯೋಗಾಲಯಕ್ಕೆ ಕೊಡಲೇಬೇಕು. ವ್ಯಾಪಾರಿ ಹೆಸರಲ್ಲ, ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ರಸಾಯನಿಕದ ಹೆಸರು. ಹುಡುಕಿದ ರಸಾಯನಿಕ ಮಾತ್ರ ಸಿಗುತ್ತದೆ. ಹುಡುಕದೇ ಇದ್ದದ್ದರ ಬಗ್ಗೆ ವರದಿ ಮೌನವಾಗಿರುತ್ತದೆ, ಆ ಮೌನವನ್ನು ನಾವು ‘ಇಲ್ಲ’ ಎಂದು ಓದಿಕೊಳ್ಳುತ್ತೇವೆ. ಮೂಲ ರಸಾಯನಿಕ ಒಡೆದು ಉಂಟಾಗುವ ಪದಾರ್ಥಗಳನ್ನೂ ಪರೀಕ್ಷಿಸುತ್ತಾರೆಯೇ ಎಂದು ಕೇಳಿಕೊಳ್ಳಬೇಕು. ಅಟ್ರಝಿನ್ ವಿಷಯದಲ್ಲಿ ಮೂಲ ಪದಾರ್ಥದ ಜೊತೆಗೆ ಅದರ ಒಡಕುಗಳೂ ಅಂತರ್ಜಲದಲ್ಲಿ ಸಿಗುತ್ತವೆ.

ಹಂತ 3: ವರದಿಯನ್ನು ಓದುವ ಬಗೆ

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಇಲ್ಲೇ ಆಗುತ್ತದೆ. ಕೆಲವು ವರದಿಗಳು ಇಡೀ ನೈಟ್ರೇಟನ್ನು ಅಳೆದು ಹೇಳುತ್ತವೆ, ಕೆಲವು ಅದರೊಳಗಿನ ಸಾರಜನಕವನ್ನು ಮಾತ್ರ ಹೇಳುತ್ತವೆ. ಎರಡರ ನಡುವೆ 4.43 ಪಟ್ಟು ಅಂತರವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್. ಭಾರತದ ಕುಡಿಯುವ ನೀರಿನ ಮಾನಕದಲ್ಲಿ 45. ಅಮೆರಿಕದ ಮಿತಿ 10 ಎಂದಿರುತ್ತದೆ, ಆದರೆ ಅದು ಸಾರಜನಕದ ಲೆಕ್ಕ, ನೈಟ್ರೇಟಿನ ಲೆಕ್ಕದಲ್ಲಿ ಸುಮಾರು 44. ಹಾಗಾಗಿ ವರದಿಯಲ್ಲಿ ‘20’ ಎಂದು ಕಂಡರೆ ಅದು ನೈಟ್ರೇಟ್ ಆಗಿದ್ದರೆ ಮಿತಿಯ ಅರ್ಧಕ್ಕಿಂತ ಕಡಿಮೆ, ಸಾರಜನಕವಾಗಿದ್ದರೆ ಮಿತಿಯ ಸುಮಾರು ಎರಡು ಪಟ್ಟು. ಬಣ್ಣ ಬದಲಿಸುವ ಪಟ್ಟಿಗಳಿಂದ ಮನೆಯಲ್ಲೇ ಪರೀಕ್ಷೆ ಮಾಡುವವರೂ ಪಟ್ಟಿಯ ಡಬ್ಬಿಯ ಮೇಲೆ ಯಾವ ಲೆಕ್ಕವಿದೆ ಎಂದು ನೋಡಿಕೊಳ್ಳಬೇಕು.

ಕೀಟನಾಶಕಗಳಿಗೆ ಯುರೋಪಿಯನ್ ಒಕ್ಕೂಟ ಇಟ್ಟಿರುವ ಮಿತಿ ಒಂದೊಂದಕ್ಕೆ ಲೀಟರಿಗೆ 0.1 ಮೈಕ್ರೋಗ್ರಾಂ, ಎಲ್ಲವೂ ಸೇರಿ 0.5 ಮೈಕ್ರೋಗ್ರಾಂ. ಈ ಅಂಕಿಯ ಅರ್ಥವನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು: ಒಂದೇ ಒಂದು ಗ್ರಾಂ ರಸಾಯನಿಕ ಒಂದು ಕೋಟಿ ಲೀಟರ್ ನೀರನ್ನು ಈ ಮಿತಿಗೆ ತಂದು ನಿಲ್ಲಿಸುತ್ತದೆ. ಡಬ್ಬಿಯ ತಳದಲ್ಲಿ ಉಳಿಯುವ ಕೆಲವು ಹನಿ ಎಷ್ಟು ಕೆಲಸ ಮಾಡಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ.

ನೈಟ್ರೇಟ್ ಕಡಿಮೆ ಬಂದರೆ ಸಂತೋಷಪಡುವ ಮೊದಲು ಕಬ್ಬಿಣದ ಅಂಕಿಯನ್ನು ನೋಡಬೇಕು. ಆಮ್ಲಜನಕವಿಲ್ಲದ ಜಲಪದರದಲ್ಲಿ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿ ಬದಲಿಸುತ್ತವೆ, ಅಂಥ ನೀರಿನಲ್ಲಿ ಸಾಮಾನ್ಯವಾಗಿ ಕರಗಿದ ಕಬ್ಬಿಣ ಇರುತ್ತದೆ. ಕಬ್ಬಿಣ ಹೆಚ್ಚಿದ್ದರೆ, ನೈಟ್ರೇಟ್ ಕಡಿಮೆ ಎಂದ ಮಾತ್ರಕ್ಕೆ ಹೊಲದಿಂದ ಇಳಿದದ್ದೂ ಕಡಿಮೆ ಎನ್ನಲಾಗದು. ಸದಾ ನೀರು ನಿಲ್ಲಿಸುವ ಭತ್ತದ ಗದ್ದೆಗಳ ಕೆಳಗೆ ನೈಟ್ರೇಟ್ ಅನೇಕ ವೇಳೆ ನಿರೀಕ್ಷೆಗಿಂತ ಕಡಿಮೆ ಸಿಗುವುದಕ್ಕೂ ಇದೇ ಕಾರಣ.

ಹಂತ 4: ಕುಡಿಯುವ ನೀರಿನ ವ್ಯವಸ್ಥೆ ಮೊದಲು

ಮಿತಿ ಮೀರಿದೆ ಎಂದು ತಿಳಿದ ದಿನವೇ ಮಾಡಬೇಕಾದದ್ದು, ಆರು ತಿಂಗಳೊಳಗಿನ ಮಕ್ಕಳಿಗೆ ಆ ನೀರನ್ನು ಕುಡಿಸುವುದನ್ನೂ ಆ ನೀರಿನಲ್ಲಿ ಹಾಲಿನ ಪುಡಿ ಕಲಸುವುದನ್ನೂ ನಿಲ್ಲಿಸುವುದು. ನೈಟ್ರೇಟ್ ದೇಹದಲ್ಲಿ ನೈಟ್ರೈಟ್ ಆಗಿ ಬದಲಾಗಿ, ರಕ್ತದ ಹಿಮೊಗ್ಲೋಬಿನ್ ಆಮ್ಲಜನಕವನ್ನು ಸಾಗಿಸದಂತೆ ಮಾಡುತ್ತದೆ. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಹೊಲದ ಬಾವಿಗಳ ನೀರಿಗೂ ಈ ನೀಲಿತನಕ್ಕೂ ಇರುವ ಸಂಬಂಧವನ್ನು ಬರೆದಿಟ್ಟರು. ಇಂಥ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ನೀರನ್ನು ಕುದಿಸುವುದು ಇಲ್ಲಿ ಪರಿಹಾರವಲ್ಲ, ಅಪಾಯ. ಕುದಿದಾಗ ನೀರು ಆವಿಯಾಗಿ ಹೋಗುತ್ತದೆ, ನೈಟ್ರೇಟ್ ಉಳಿದು ಇನ್ನಷ್ಟು ಗಾಢವಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಅತಿನೇರಳೆ ದೀಪ, ಕ್ಲೋರಿನ್, ಸಾಮಾನ್ಯ ಇದ್ದಿಲು ಯಾವುವೂ ನೈಟ್ರೇಟನ್ನು ತೆಗೆಯುವುದಿಲ್ಲ. ಆರ್‌ಒ, ಅಯಾನು ವಿನಿಮಯ (ವಿಶೇಷ ರಾಳದ ಹರಳುಗಳು ನೈಟ್ರೇಟನ್ನು ಹಿಡಿದುಕೊಳ್ಳುವ ವಿಧಾನ), ಬಟ್ಟಿ ಇಳಿಸುವುದು ಇವು ಮನೆಮಟ್ಟದ ಮುಖ್ಯ ದಾರಿಗಳು. ಆರ್‌ಒ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ನೈಟ್ರೇಟ್ ಮೊದಲಿಗಿಂತ ಗಾಢವಾಗಿರುವುದರಿಂದ ಅದನ್ನು ಬಾವಿಯ ಬಳಿ ಇಂಗಿಸಬಾರದು, ಗಿಡಗಳಿಗೆ ಹರಡಿ ಹಾಕಬೇಕು.

ಹಂತ 5: ಗೊಬ್ಬರವೋ ಶೌಚಗುಂಡಿಯೋ

ನೈಟ್ರೇಟ್ ಹೆಚ್ಚಿದೆ ಎಂದ ಮಾತ್ರಕ್ಕೆ ರೈತನ ಗೊಬ್ಬರವೇ ಕಾರಣ ಎಂದು ತೀರ್ಮಾನಿಸುವುದು ನ್ಯಾಯವಲ್ಲ. ಮನೆಗಳ ಹತ್ತಿರದ ಬಾವಿಯಲ್ಲಿ ನೈಟ್ರೇಟಿನ ಜೊತೆ ಕ್ಲೋರೈಡ್ ಕೂಡ ಹೆಚ್ಚಿದ್ದು ಕೋಲಿಫಾರ್ಮ್ ಸಿಕ್ಕರೆ ಮೊದಲ ಅನುಮಾನ ಶೌಚಗುಂಡಿ ಅಥವಾ ಕೊಟ್ಟಿಗೆಯ ಮೇಲೆ. ಹೊಲದ ನಡುವಿನ ಬಾವಿಯಲ್ಲಿ ಬ್ಯಾಕ್ಟೀರಿಯಾ ಇಲ್ಲದೆ ನೈಟ್ರೇಟ್ ಮಾತ್ರ ಹೆಚ್ಚಿದ್ದು, ಮೇಲ್ಗೊಬ್ಬರ ಹಾಕಿ ನೀರು ಕಟ್ಟಿದ ತಿಂಗಳುಗಳ ನಂತರ ಏರುತ್ತಿದ್ದರೆ ಗೊಬ್ಬರವೇ ಮೂಲ ಎನ್ನಬಹುದು. ಕ್ಲೋರೈಡನ್ನು ಮಾತ್ರ ನೋಡಿ ನಿರ್ಧರಿಸಬಾರದು, ಏಕೆಂದರೆ ಅದು ಪೊಟ್ಯಾಶ್ ಗೊಬ್ಬರದಿಂದಲೂ ಬರುತ್ತದೆ ಎಂದು ಆಗಲೇ ನೋಡಿದೆವು. ಊರಿಗೆ ಊರೇ ಸೇರಿ ವಿಚಾರಿಸುವಂತಿದ್ದರೆ ಸಾರಜನಕ ಮತ್ತು ಆಮ್ಲಜನಕದ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಪರೀಕ್ಷೆ ಮಾಡಿಸಬಹುದು. ಸಗಣಿ ಹಾಗೂ ಮಲಮೂತ್ರದಿಂದ ಬಂದ ನೈಟ್ರೇಟಿನಲ್ಲಿ ಭಾರವಾದ ಸಾರಜನಕದ ಪ್ರಮಾಣ ಹೆಚ್ಚಿರುತ್ತದೆ.

ಆದರೂ ದೊಡ್ಡ ನೀರಾವರಿ ಪ್ರದೇಶಗಳಲ್ಲಿ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದನ್ನು ಮುಚ್ಚಿಡಲಾಗದು. ಕ್ಯಾಲಿಫೋರ್ನಿಯಾದ ಟುಲಾರೆ ಲೇಕ್ ಮತ್ತು ಸಲೀನಾಸ್ ಕಣಿವೆಗಳ ಬಗ್ಗೆ ಅಲ್ಲಿನ ಡೇವಿಸ್ ವಿಶ್ವವಿದ್ಯಾಲಯ 2012ರಲ್ಲಿ ಪ್ರಕಟಿಸಿದ ವರದಿ, ಅಲ್ಲಿ ಅಂತರ್ಜಲಕ್ಕೆ ಸೇರುವ ನೈಟ್ರೇಟಿನ ಶೇ. 96ರಷ್ಟು ಬೆಳೆ ಜಮೀನಿನಿಂದಲೇ ಎಂದು ಲೆಕ್ಕ ಹಾಕಿತು.

ಹಂತ 6: ಬಾವಿಯ ಬಾಯಿ

ಹೊಲದ ಮಣ್ಣಿನ ಮೂಲಕ ನಿಧಾನವಾಗಿ ಇಳಿಯುವುದು ಒಂದು ದಾರಿ. ಬಾವಿಯ ಬಾಯಿಂದಲೇ ನೇರವಾಗಿ ಇಳಿಯುವುದು ಇನ್ನೊಂದು. ಎರಡನೆಯದನ್ನು ಒಂದೇ ವಾರದಲ್ಲಿ ಮುಚ್ಚಬಹುದು, ಆದ್ದರಿಂದ ಅದನ್ನೇ ಮೊದಲು ಮಾಡಬೇಕು.

ಸಿಂಪಡಣೆಗೆ ಡ್ರಮ್ಮಿನಲ್ಲಿ ಔಷಧಿ ಕಲಸುವ ದೃಶ್ಯವನ್ನು ಕಣ್ಣಮುಂದೆ ತಂದುಕೊಳ್ಳಿ. ಬಾವಿಯ ಪಕ್ಕದಲ್ಲೇ ಡ್ರಮ್ಮು, ಪೈಪಿನ ತುದಿ ಡ್ರಮ್ಮಿನೊಳಗೆ ಮುಳುಗಿದೆ, ಔಷಧಿ ಸುರಿದಾಗಿದೆ, ನೀರು ಬೆಳ್ಳಗಾಗುತ್ತ ಮೇಲೇರುತ್ತಿದೆ. ಆ ಹೊತ್ತಿಗೆ ಕರೆಂಟು ಹೋಗುತ್ತದೆ. ಕೊಳವೆಯೊಳಗಿನ ನೀರಿನ ಕಂಬ ತನ್ನ ಭಾರಕ್ಕೆ ಬಾವಿಯೊಳಕ್ಕೆ ಜಾರುತ್ತದೆ, ಜಾರುವಾಗ ಹಿಂದಿನದನ್ನು ಎಳೆದುಕೊಳ್ಳುತ್ತದೆ. ಡ್ರಮ್ಮಿನ ನೀರಿನ ಮಟ್ಟ ಒಂದು ಗೇಣು ಇಳಿದಿರುತ್ತದೆ. ‘ಸೋರಿತೇನೋ’ ಎಂದುಕೊಂಡು ಮತ್ತೆ ತುಂಬಿಸುತ್ತೇವೆ. ಅದು ಸೋರಿದ್ದಲ್ಲ, ಬಾವಿ ಕುಡಿದದ್ದು. ಇದನ್ನು ತಡೆಯಲು ಎರಡು ಕ್ರಮಗಳು ಸಾಕು: ಪೈಪಿನ ತುದಿ ಡ್ರಮ್ಮಿನ ಅಂಚಿಗಿಂತ ಒಂದು ಗೇಣು ಮೇಲೆಯೇ ಇರಬೇಕು, ಎಂದೂ ನೀರಿಗೆ ಮುಟ್ಟಬಾರದು, ಮತ್ತು ಬಾವಿಯಿಂದ ಹೊರಬರುವ ಕೊಳವೆಗೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಇರಬೇಕು. ಹನಿ ನೀರಾವರಿಯಲ್ಲಿ ವೆಂಚುರಿ (ನೀರಿನ ಹರಿವಿನಿಂದಲೇ ಗೊಬ್ಬರದ ದ್ರಾವಣವನ್ನು ಎಳೆದುಕೊಳ್ಳುವ ಸಾಧನ) ಅಥವಾ ಗೊಬ್ಬರದ ಟ್ಯಾಂಕಿನ ಮೂಲಕ ರಸಗೊಬ್ಬರ ಕೊಡುವವರಿಗೆ ಈ ವಾಲ್ವ್ ಅನಿವಾರ್ಯ, ಅದು ಕೆಲಸ ಮಾಡುತ್ತಿದೆಯೇ ಎಂದು ಪ್ರತಿ ಹಂಗಾಮಿಗೂ ಬಿಚ್ಚಿ ನೋಡಬೇಕು.

ಔಷಧಿ ಕಲಸುವ, ಸಿಂಪಡಣೆಯ ಪಂಪು ತೊಳೆಯುವ ಜಾಗವನ್ನು ಬಾವಿಯಿಂದ ಕನಿಷ್ಠ 30 ಮೀಟರ್ ದೂರಕ್ಕೆ, ಇಳಿಜಾರಿನ ಕೆಳಭಾಗಕ್ಕೆ ಒಯ್ಯಬೇಕು. ಖಾಲಿ ಡಬ್ಬಿಯನ್ನು ಕಲಸುವಾಗಲೇ ಮೂರು ಬಾರಿ ಜಾಲಿಸಿ ಆ ನೀರನ್ನು ಸಿಂಪಡಣೆಯ ಡ್ರಮ್ಮಿಗೇ ಸುರಿಯಬೇಕು. ಪಂಪು ತೊಳೆದ ನೀರನ್ನು ಸಿಂಪಡಿಸಿದ ಬೆಳೆಯ ಮೇಲೆಯೇ ಹರಡಬೇಕು. ಕೊಳವೆಬಾವಿಯ ಕೇಸಿಂಗ್ ನೆಲಕ್ಕಿಂತ ಒಂದು ಅಡಿಯಾದರೂ ಮೇಲಿರಬೇಕು, ಸುತ್ತ ಹೊರಕ್ಕೆ ಇಳಿಜಾರಿರುವ ಸಿಮೆಂಟ್ ಕಟ್ಟೆ ಇರಬೇಕು, ಕೇಸಿಂಗಿಗೂ ಕೊರೆದ ಗುಂಡಿಗೂ ನಡುವಿನ ಸಂದಿಯನ್ನು ಸಿಮೆಂಟ್ ಅಥವಾ ಬೆಂಟೊನೈಟ್ ಜೇಡಿಯಿಂದ ಮುಚ್ಚಿರಬೇಕು. ಬತ್ತಿದ ಕೊಳವೆಬಾವಿಯನ್ನು ಕಲ್ಲು ಮುಚ್ಚಿ ಬಿಟ್ಟರೆ ಸಾಲದು. ಅದು ಮೇಲಿನ ಕೊಳೆಯನ್ನು ನೇರವಾಗಿ ಆಳದ ಜಲಪದರಕ್ಕೆ ಒಯ್ಯುವ ಕೊಳವೆ, ಮಕ್ಕಳ ಪಾಲಿಗೆ ಮೃತ್ಯುಕೂಪ ಕೂಡ. ಶುದ್ಧ ಮರಳು, ಜಲ್ಲಿಯಿಂದ ತುಂಬಿ, ಮೇಲಿನ ಕೆಲವು ಮೀಟರುಗಳನ್ನು ಬೆಂಟೊನೈಟ್ ಅಥವಾ ಸಿಮೆಂಟಿನಿಂದ ಮುಚ್ಚಬೇಕು. ಹೊಲದ ಬಸಿನೀರನ್ನು ಫಿಲ್ಟರ್ ಗುಂಡಿಯ ಮೂಲಕ ಕೊಳವೆಬಾವಿಗೆ ಇಂಗಿಸುವ ಪದ್ಧತಿಯೂ ಇದೆ. ಮರಳು ಜಲ್ಲಿಯ ಪದರಗಳು ಕೆಸರನ್ನು ತಡೆಯುತ್ತವೆಯೇ ಹೊರತು ಕರಗಿದ ನೈಟ್ರೇಟನ್ನಲ್ಲ. ಮರುಪೂರಣಕ್ಕೆ ಛಾವಣಿಯ ನೀರು ಒಳ್ಳೆಯದು, ಗೊಬ್ಬರ ಹಾಕಿದ ಹೊಲದ ನೀರು ಬೇಡ.

ಹಂತ 7: ನೀರಿನ ಲೆಕ್ಕ

ಈಗ ಮುಖ್ಯ ವಿಷಯ. ಮೊದಲು ಪಂಪು ಎಷ್ಟು ನೀರೆತ್ತುತ್ತದೆ ಎಂದು ಅಳೆಯಬೇಕು. 200 ಲೀಟರಿನ ಡ್ರಮ್ಮು 40 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್. ಅದೇ ಪಂಪನ್ನು ಒಂದು ಎಕರೆಗೆ 8 ಗಂಟೆ ಓಡಿಸಿದರೆ 1,44,000 ಲೀಟರ್. ಒಂದು ಎಕರೆಯ ಮೇಲೆ ಅದು ಸುಮಾರು 36 ಮಿಲಿಮೀಟರ್ ಎತ್ತರದ ನೀರು.

ಇನ್ನು ಮಣ್ಣಿನ ಕಡೆಯ ಲೆಕ್ಕ. ಮರಳುಗೋಡು ಮಣ್ಣು ಒಂದು ಮೀಟರ್ ಆಳದಲ್ಲಿ ಬೆಳೆಗೆ ದಕ್ಕುವಂತೆ ಸುಮಾರು 120 ಮಿ.ಮೀ. ನೀರನ್ನು ಹಿಡಿದಿಡುತ್ತದೆ ಎಂದುಕೊಳ್ಳೋಣ. ಬರಿ ಮರಳಾದರೆ ಇದಕ್ಕಿಂತ ಕಡಿಮೆ, ಜೇಡಿಗೋಡಾದರೆ ಹೆಚ್ಚು. ಬೇರು ಒಂದು ಅಡಿ ಇಳಿದಿರುವ ತರಕಾರಿ ಬೆಳೆಗೆ ದಕ್ಕುವುದು ಹೆಚ್ಚೆಂದರೆ 36 ಮಿ.ಮೀ. ಅದರಲ್ಲಿ ಅರ್ಧ ಖರ್ಚಾದಾಗ, ಅಂದರೆ 18 ಮಿ.ಮೀ. ಕಡಿಮೆಯಾದಾಗ, ನಾವು ನೀರು ಬಿಡುತ್ತೇವೆ. ಬಿಟ್ಟದ್ದು 36, ಬೇಕಾಗಿದ್ದದ್ದು 18. ಉಳಿದ ಅರ್ಧ ಬೇರನ್ನು ದಾಟಿ ಕೆಳಗೆ ಹೋಯಿತು, ಮತ್ತು ಬರಿಗೈಲಿ ಹೋಗಲಿಲ್ಲ. ನೈಟ್ರೇಟ್ ರೂಪದಲ್ಲಿ ಒಂದು ಕಿಲೋಗ್ರಾಂ ಸಾರಜನಕ ಇಳಿದರೂ ಸುಮಾರು 88,000 ಲೀಟರ್ ಶುದ್ಧ ನೀರನ್ನು 50 ಮಿಲಿಗ್ರಾಂ ಮಿತಿಗೆ ತಲುಪಿಸಲು ಅಷ್ಟು ಸಾಕು. ಎಂಟು ಗಂಟೆಯ ಬದಲು ನಾಲ್ಕು ಗಂಟೆ ಓಡಿಸಿದ್ದರೆ ಬೆಳೆಗೆ ಏನೂ ಕಡಿಮೆಯಾಗುತ್ತಿರಲಿಲ್ಲ.

ಹಾಯಿನೀರಿನಲ್ಲಿ ಸಾಲಿನ ತಲೆಯ ಭಾಗಕ್ಕೆ ಹೆಚ್ಚು, ಬಾಲಕ್ಕೆ ಕಡಿಮೆ ನೀರು ಸಿಗುವುದರಿಂದ ತಲೆಯ ಭಾಗದಲ್ಲೇ ಸೋರಿಕೆ ಹೆಚ್ಚು. ಸಾಲುಗಳನ್ನು ಗಿಡ್ಡ ಮಾಡುವುದು, ನೆಲವನ್ನು ಸಮತಟ್ಟು ಮಾಡುವುದು, ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಬಿಡುವುದು ಇವು ಹೆಚ್ಚು ಖರ್ಚಿಲ್ಲದ ದಾರಿಗಳು. ಹನಿ ನೀರಾವರಿ ಬಹಳ ನೆರವಾಗುತ್ತದೆ, ಆದರೆ ಹನಿ ಹಾಕಿದ ಮಾತ್ರಕ್ಕೆ ಅಂತರ್ಜಲ ಸುರಕ್ಷಿತವಲ್ಲ: ಕರೆಂಟು ಇರುವಷ್ಟು ಹೊತ್ತೂ ಹನಿಯನ್ನು ಓಡಿಸಿದರೆ ಪ್ರತಿ ಹನಿಯ ಕೆಳಗೂ ನೀರು ಕಂಬದಂತೆ ನೇರವಾಗಿ ಇಳಿಯುತ್ತದೆ. ಗೊಬ್ಬರದ ದ್ರಾವಣವನ್ನು ನೀರು ಕೊಡುವ ಅವಧಿಯ ಮೊದಲಲ್ಲೇ ಕೊಟ್ಟು ನಂತರ ತಾಸುಗಟ್ಟಲೆ ನೀರು ಬಿಟ್ಟರೆ ಅದು ಬೇರನ್ನು ದಾಟುತ್ತದೆ; ಅವಧಿಯ ನಡುಭಾಗದ ನಂತರ ಕೊಟ್ಟು, ಕೊನೆಗೆ ಕೊಳವೆ ತೊಳೆಯುವಷ್ಟು ಮಾತ್ರ ನೀರು ಬಿಡಬೇಕು. ನೀರು ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲು, ನೀರು ಬಿಟ್ಟ ಮರುದಿನ ಒಂದು ಕಬ್ಬಿಣದ ಸರಳನ್ನು ಮಣ್ಣಿಗೆ ಒತ್ತಿ ನೋಡಿದರೂ ಸಾಕು. ಹದವಿರುವಷ್ಟು ದೂರ ಸಲೀಸಾಗಿ ಇಳಿದು, ಒಣ ಪದರದಲ್ಲಿ ನಿಲ್ಲುತ್ತದೆ. ಬೇರಿನ ಆಳದ ಎರಡು ಪಟ್ಟು ಸಲೀಸಾಗಿ ಇಳಿಯಿತೆಂದರೆ ನೀರು ಹೆಚ್ಚಾಗಿದೆ.

ಇದಕ್ಕೆ ಒಂದು ವಿನಾಯಿತಿಯಿದೆ. ಉಪ್ಪಿನಂಶ ಹೆಚ್ಚಿರುವ ನೀರನ್ನು ಬಳಸುವ ಜಮೀನಿನಲ್ಲಿ ಆಗಾಗ ಹೆಚ್ಚು ನೀರು ಬಿಟ್ಟು ಉಪ್ಪನ್ನು ತೊಳೆಯಲೇಬೇಕು. ಅದನ್ನು ಮಣ್ಣಿನಲ್ಲಿ ನೈಟ್ರೇಟ್ ಕಡಿಮೆ ಇರುವ ಹೊತ್ತಿಗೆ, ಅಂದರೆ ಬೆಳೆ ಚೆನ್ನಾಗಿ ಹೀರಿ ಮುಗಿಸಿದ ಮೇಲೆ, ಮುಂದಿನ ಗೊಬ್ಬರ ಬೀಳುವ ಮೊದಲು ಇಟ್ಟುಕೊಳ್ಳಬೇಕು.

ಹಂತ 8: ಬಾವಿಯ ನೀರಿನಲ್ಲೇ ಇರುವ ಗೊಬ್ಬರವನ್ನು ಎಣಿಸುವುದು

ಮಾಲಿನ್ಯವಾಗಿರುವ ನೀರು ಕುಡಿಯಲು ಬಾರದು, ಆದರೆ ಬೆಳೆಗೆ ಅದು ಗೊಬ್ಬರವೇ. ಲೆಕ್ಕ ಸುಲಭ: ನೈಟ್ರೇಟಿನ ಅಂಕಿಯನ್ನು 0.226ರಿಂದ ಗುಣಿಸಿದರೆ ಸಾರಜನಕ ಸಿಗುತ್ತದೆ. ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಇರುವ ನೀರಿನಲ್ಲಿ 11.3 ಮಿಲಿಗ್ರಾಂ ಸಾರಜನಕವಿದೆ. ಹಂಗಾಮಿನಲ್ಲಿ ಅಂಥ ನೀರನ್ನು 500 ಮಿ.ಮೀ. ಹಾಯಿಸಿದರೆ ಎಕರೆಗೆ ಸುಮಾರು 20 ಲಕ್ಷ ಲೀಟರ್, ಅಂದರೆ ಎಕರೆಗೆ ಹತ್ತಿರ ಹತ್ತಿರ 23 ಕಿಲೋ ಸಾರಜನಕ. ಯೂರಿಯಾದಲ್ಲಿ ಸಾರಜನಕ ಶೇ. 46, ಹಾಗಾಗಿ ಇದು 50 ಕಿಲೋ ಯೂರಿಯಾಕ್ಕೆ ಸಮ. ನೀರೇ ತಂದುಕೊಟ್ಟ ಈ ಚೀಲವನ್ನು ಎಣಿಸದೆ ಶಿಫಾರಸಿನ ಪೂರ್ತಿ ಗೊಬ್ಬರವನ್ನು ಮತ್ತೆ ಹಾಕಿದರೆ, ಹೆಚ್ಚಾದದ್ದು ಮತ್ತೆ ಅದೇ ಬಾವಿಗೆ ಸೇರುತ್ತದೆ. ಬೇರುವಲಯದ ಕೆಳಗೆ ಸೋರಿದ ಪಾಲು ಬೆಳೆಗೆ ದಕ್ಕದಿರುವುದರಿಂದ ಇಡೀ 23 ಕಿಲೋ ಕಳೆಯುವ ಬದಲು ಮೊದಲ ವರ್ಷ ಅರ್ಧದಷ್ಟನ್ನು ಕಳೆದು ಬೆಳೆಯ ಬಣ್ಣವನ್ನು ಗಮನಿಸುವುದು ಜಾಣತನ.

ಇದೇ ರೀತಿ ಹಿಂದಿನ ದ್ವಿದಳ ಬೆಳೆ ಬಿಟ್ಟುಹೋದದ್ದು, ಕೊಟ್ಟಿಗೆ ಗೊಬ್ಬರದಿಂದ ಬರುವುದು, ಮಣ್ಣು ಪರೀಕ್ಷೆಯಲ್ಲಿ ಸಿಕ್ಕಿದ್ದು ಇವನ್ನೆಲ್ಲ ಕಳೆದು ಉಳಿದದ್ದನ್ನು ಮಾತ್ರ ಚೀಲದಿಂದ ಕೊಡಬೇಕು. ಅದನ್ನೂ ಒಂದೇ ಸಲಕ್ಕಲ್ಲ. ಎಳೆಯ ಸಸಿಗೆ ಹೀರುವ ಶಕ್ತಿಯಿಲ್ಲ, ಬಿತ್ತನೆಯ ದಿನವೇ ಹಾಕಿದ ಸಾರಜನಕ ಸಸಿ ಬೇರು ಬಿಡುವ ಮೊದಲೇ ನೈಟ್ರೇಟ್ ಆಗಿ ಹೊರಡಲು ಸಿದ್ಧವಾಗಿರುತ್ತದೆ. ಬಿತ್ತನೆಗೆ ಸ್ವಲ್ಪ, ಬೆಳೆ ಭರದಿಂದ ಬೆಳೆಯುವ ಕಾಲದಲ್ಲಿ ಎರಡು ಮೂರು ಕಂತುಗಳಲ್ಲಿ ಬಹುಪಾಲು ಕೊಡಬೇಕು. ದೊಡ್ಡ ಮಳೆಯ ಮುನ್ಸೂಚನೆಯಿದ್ದರೆ ಕಂತನ್ನು ಮುಂದೂಡಬೇಕು. ಬೇವು ಲೇಪಿತ ಯೂರಿಯಾ ಹಾಗೂ ನೈಟ್ರೇಟ್ ಆಗುವುದನ್ನು ನಿಧಾನಿಸುವ ಇತರ ಪದಾರ್ಥಗಳು ಸಮಯವನ್ನು ಕೊಡುತ್ತವೆ, ಅಷ್ಟೇ. ಹೆಚ್ಚಾಗಿ ಹಾಕಿದ್ದನ್ನು ಅವು ಕಡಿಮೆ ಮಾಡುವುದಿಲ್ಲ. ಕೊಯ್ಲಿನ ನಂತರ ನೆಲವನ್ನು ಬರಿದಾಗಿ ಬಿಡದೆ ಬೇಗ ಬೆಳೆಯುವ ಜೋಳ, ರಾಗಿಯಂಥ ಹುಲ್ಲುಜಾತಿಯ ಬೆಳೆಯನ್ನು ಮೇವಿಗಾಗಿ ಬಿತ್ತಿದರೆ ಮಣ್ಣಿನಲ್ಲಿ ಉಳಿದ ನೈಟ್ರೇಟನ್ನು ಅದು ಹಿಡಿದುಕೊಳ್ಳುತ್ತದೆ. ಕುದುರೆ ಮೆಂತೆಯ ಬೇರು ಹಲವು ಅಡಿ ಆಳಕ್ಕಿಳಿದು, ಮೇಲುಬೇರಿನ ಬೆಳೆಗಳಿಂದ ತಪ್ಪಿಸಿಕೊಂಡದ್ದನ್ನೂ ಮೇಲಕ್ಕೆ ತರುತ್ತದೆ.

ಹಂತ 9: ಔಷಧಿಯನ್ನು ಆರಿಸುವಾಗ

ಗಸ್ಟಾಫ್‌ಸನ್ ಎಂಬ ವಿಜ್ಞಾನಿ ಔಷಧಿ ಅಂತರ್ಜಲಕ್ಕೆ ಇಳಿಯುತ್ತದೆಯೇ ಎಂದು ಅಂದಾಜಿಸಲು 1989ರಲ್ಲಿ ಕೊಟ್ಟ ಸರಳ ಸೂತ್ರವೊಂದಿದೆ. ಮಣ್ಣಿನಲ್ಲಿ ರಸಾಯನಿಕದ ಅರ್ಧಾಯುಷ್ಯ (ಅರ್ಧದಷ್ಟು ಒಡೆಯಲು ಹಿಡಿಯುವ ಕಾಲ) ಎಷ್ಟು ದಿನ ಎಂಬುದರ 10ರ ಆಧಾರದ ಲಾಗರಿದಮ್ ಒಂದು ಕಡೆ; ಮಣ್ಣಿನ ಸಾವಯವ ಅಂಶಕ್ಕೆ ಅದು ಅಂಟುವ ಗುಣಾಂಕದ ಲಾಗರಿದಮನ್ನು 4ರಿಂದ ಕಳೆದದ್ದು ಇನ್ನೊಂದು ಕಡೆ; ಎರಡನ್ನೂ ಗುಣಿಸಬೇಕು. ಉತ್ತರ 2.8ಕ್ಕಿಂತ ಹೆಚ್ಚಿದ್ದರೆ ಇಳಿಯುವ ಸ್ವಭಾವ, 1.8ಕ್ಕಿಂತ ಕಡಿಮೆಯಿದ್ದರೆ ಇಳಿಯದ ಸ್ವಭಾವ. ಅರ್ಧಾಯುಷ್ಯ 60 ದಿನ, ಗುಣಾಂಕ 100 ಇರುವ ಅಟ್ರಝಿನ್ 3.56ಕ್ಕೆ ಬಂದು ನಿಲ್ಲುತ್ತದೆ. ಕೃಷಿ ವಿಶ್ವವಿದ್ಯಾಲಯ ಅಥವಾ ವಿಸ್ತರಣಾ ಕೇಂದ್ರದವರನ್ನು ಕೇಳಿದರೆ ಈ ಅಂಕಿಗಳು ಸಿಗುತ್ತವೆ. ಇಳಿಯದ ಔಷಧಿ ಎಂದರೆ ನಿರುಪದ್ರವಿ ಎಂದರ್ಥವಲ್ಲ. ಕ್ಲೋರ್‌ಪೈರಿಫಾಸ್ ಅಂತರ್ಜಲಕ್ಕೆ ಸುಲಭವಾಗಿ ಇಳಿಯದಿದ್ದರೂ ಸಿಂಪಡಿಸುವವನ ದೇಹಕ್ಕೂ ಹಳ್ಳದ ಮೀನಿಗೂ ವಿಷವೇ.

ಮರಳು ಮಣ್ಣು, ಮೇಲೆಯೇ ಇರುವ ನೀರುಮಟ್ಟ, ನೀರಿನಲ್ಲಿ ಸಾಗುವ ಔಷಧಿ, ಈ ಮೂರೂ ಒಂದೆಡೆ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಲಾಂಗ್ ಐಲ್ಯಾಂಡ್ ಸಾಕ್ಷಿ. ಅಲ್ಲಿ ಆಲೂಗಡ್ಡೆ ಬೆಳೆಗೆ ಹಾಕಿದ ಆಲ್ಡಿಕಾರ್ಬ್ ಎಂಬ ಕೀಟನಾಶಕ 1979ರಲ್ಲಿ ಕುಡಿಯುವ ನೀರಿನ ಬಾವಿಗಳಲ್ಲಿ ಪತ್ತೆಯಾಯಿತು. ಕ್ಯಾಲಿಫೋರ್ನಿಯಾದಲ್ಲಿ ಬೇರಿನ ಜಂತುಹುಳಗಳ ಹತೋಟಿಗೆ ಮಣ್ಣಿಗೆ ಹಾಕುತ್ತಿದ್ದ ಡಿಬಿಸಿಪಿಯ ಬಳಕೆ 1977ರಲ್ಲಿ ನಿಂತಿತು. ದಶಕಗಳ ನಂತರವೂ ಅದು ಅಲ್ಲಿನ ಬಾವಿಗಳಲ್ಲಿ ಸಿಗುತ್ತಲೇ ಇದೆ. ಇಂಥ ಮಣ್ಣಿನಲ್ಲಿ ಕಳೆಯನ್ನು ಕುಂಟೆ ಹೊಡೆದು, ಹೊದಿಕೆ ಹಾಕಿ ಹತೋಟಿಗೆ ತರುವುದು, ಔಷಧಿ ಅನಿವಾರ್ಯವಾದರೆ ಸಿಂಪಡಿಸಿದ ನಂತರ ಕೆಲವು ದಿನ ಭಾರೀ ನೀರು ಬಿಡದಿರುವುದು ಒಳ್ಳೆಯದು.

ಹಂತ 10: ದಾಖಲೆ ಮತ್ತು ಕಾಯುವಿಕೆ

ಇಷ್ಟೆಲ್ಲ ಮಾಡಿದ ಮುಂದಿನ ವರ್ಷವೇ ನೈಟ್ರೇಟ್ ಇಳಿಯಲಿಲ್ಲವೆಂದು ಅನೇಕರು ಕೈಬಿಡುತ್ತಾರೆ. ಬೇರಿನ ಕೆಳಗೆ ಇಳಿದ ನೀರು ಜಲಪದರವನ್ನು ಮುಟ್ಟಲು ಹಿಡಿಯುವ ಕಾಲವನ್ನು ಮರೆತಾಗ ಹೀಗಾಗುತ್ತದೆ. ಇಂಗ್ಲೆಂಡಿನ ಚಾಕ್ ಎಂಬ ಮೆತ್ತನೆಯ ಸುಣ್ಣಕಲ್ಲಿನ ಪ್ರದೇಶಗಳಲ್ಲಿ ನೈಟ್ರೇಟ್ ವರ್ಷಕ್ಕೆ ಸುಮಾರು ಒಂದು ಮೀಟರಿನಂತೆ ಇಳಿಯುತ್ತದೆ. ನೀರುಮಟ್ಟ 30 ಮೀಟರ್ ಕೆಳಗಿದ್ದರೆ ಇಂದು ಬಾವಿಯಲ್ಲಿ ಕಾಣುವುದು ಮೂರು ದಶಕದ ಹಿಂದಿನ ಗೊಬ್ಬರ. ಮರಳು ಮಣ್ಣಿನಲ್ಲಿ ವೇಗ ಹೆಚ್ಚು, ಜೇಡಿಯಲ್ಲಿ ಕಡಿಮೆ, ಬಿರುಕುಬಿಟ್ಟ ಬಂಡೆಯಲ್ಲಿ ಕೆಲವೇ ವಾರಗಳೂ ಆಗಬಹುದು.

ಆದ್ದರಿಂದ ಆಳದ ಬಾವಿಯೊಂದನ್ನೇ ನೋಡುತ್ತ ಕೂರದೆ, ಸುತ್ತಲಿನ ಅತ್ಯಂತ ಮೇಲುನೀರಿನ ಬಾವಿಯೊಂದನ್ನು ಆರಿಸಿಕೊಂಡು ಅದನ್ನೂ ಪ್ರತಿ ಸಲ ಪರೀಕ್ಷಿಸಬೇಕು. ಬದಲಾವಣೆ ಮೊದಲು ಅಲ್ಲೇ ಕಾಣುತ್ತದೆ. ಬೇರುವಲಯದ ಕೆಳಗಿನ ಮಣ್ಣನ್ನು, ಉದಾಹರಣೆಗೆ ಮೂರರಿಂದ ನಾಲ್ಕು ಅಡಿ ಆಳದಿಂದ, ಕೊಯ್ಲಿನ ನಂತರ ತೆಗೆದು ನೈಟ್ರೇಟ್ ಪರೀಕ್ಷಿಸಿದರೆ ಇನ್ನೂ ಬೇಗ ತಿಳಿಯುತ್ತದೆ: ಅಲ್ಲಿ ಉಳಿದಿರುವುದೆಲ್ಲ ಹೊರಡಲು ಕಾದಿರುವುದೇ. ನೋಟುಬುಕ್ಕಿನಲ್ಲಿ ದಿನಾಂಕ, ಪಂಪು ಓಡಿದ ಗಂಟೆ, ಹಾಕಿದ ಗೊಬ್ಬರದ ಕಿಲೋ, ಸಿಂಪಡಿಸಿದ ಔಷಧಿ, ಮೇಲುನೀರಿನ ಬಾವಿಯ ಅಂಕಿ, ಆಳದ ಬಾವಿಯ ಅಂಕಿ, ಇವಿಷ್ಟನ್ನು ಒಂದೇ ಸಾಲಿನಲ್ಲಿ ಬರೆಯುತ್ತ ಹೋಗಬೇಕು. ನಕ್ಷೆಯಲ್ಲಿ ಗುರುತಿಸಿದ ನೆರೆಹೊರೆಯ ಬಾವಿಗಳ ಅಂಕಿಗಳೂ ಅದೇ ಪುಸ್ತಕಕ್ಕೆ ಬಂದರೆ, ನೀರು ಬರುವ ದಿಕ್ಕಿನ ಜಮೀನಿನವರೊಂದಿಗೆ ಕೂತು ಮಾತನಾಡುವಾಗ ಜಗಳಕ್ಕೆ ಎಡೆಯಾಗದೆ, ಇಬ್ಬರ ಮುಂದೆಯೂ ಒಂದೇ ಪುಟ ತೆರೆದಿರುತ್ತದೆ.